ಕೆಂಪು ಮೂತಿಯ ಹಡಗು

ಬೆಂದ ರೊಟ್ಟಿಯನ್ನು ಬೆರಳು ದಪ್ಪಕ್ಕೆ ಕೊಯ್ದು, ಮತ್ತೆ ಒಲೆಯೊಳಗಿಟ್ಟು ಕಲ್ಲಿನಂತೆ ಒಣಗಿಸುವುದು ಇದ್ರಾ ದ್ವೀಪದ ಹೆಂಗಸರಿಗೆ ಕಣ್ಣು ಮುಚ್ಚಿದರೂ ಬರುವ ಕೆಲಸ. ಆದರೂ ಅಸಿಮೀನಾ ಅವತ್ತು ಬೆರಳು ಕೊಯ್ದುಕೊಂಡಳು. ರಕ್ತ ತಾಗಿದ ಹೋಳನ್ನು ಮಡಿಲಲ್ಲಿ ಮುಚ್ಚಿಟ್ಟುಕೊಳ್ಳುವಷ್ಟರಲ್ಲಿ ಕಪ್ತಾನಮ್ಮ ನೋಡಿಯೇಬಿಟ್ಟಿದ್ದಳು. ಅವಳು ಹಡಗಿನ ಒಡೆಯನ ಹೆಂಡತಿ. ಸಂಜೆ ಹೊರಡಲಿದ್ದ ಪಡೆಗೆಲ್ಲ ರೊಟ್ಟಿ ಬೇಯುತ್ತಿದ್ದದ್ದು ಅವಳ ಅಂಗಳದಲ್ಲೇ. "ಬಿಸಾಡೇ ಅದನ್ನ," ಎಂದಳು ಕಪ್ತಾನಮ್ಮ. "ಒಬ್ಬರ ಪಾಲಿನದ್ದು ಇನ್ನೊಬ್ಬರ ತಲೆಗೆ ಕಟ್ಟೋದು ನಿಮ್ಮ ಮನೇಲಿ ನಡೀಬಹುದು, ಹಡಗಲ್ಲಿ ನಡೆಯಲ್ಲ." ಹಿಟ್ಟು ಮೆತ್ತಿದ ಕೈಗಳನ್ನು ಬಾಯಿಗೆ ಅಡ್ಡ ಹಿಡಿದು ಒಂದಿಬ್ಬರು ನಕ್ಕರು. ಅಸಿಮೀನಾ ಕೂಡ ನಕ್ಕಳು. ಇಂಥ ಮಾತಿಗೆ ತಾನೇ ಮೊದಲು ನಕ್ಕುಬಿಟ್ಟರೆ ಬೇಗ ಮುಗಿಯುತ್ತದೆ ಎಂಬುದು ಅವಳಿಗೆ ಅಭ್ಯಾಸವಾಗಿತ್ತು. ನಗುತ್ತಲೇ ಬೆರಳನ್ನು ಬಾಯಲ್ಲಿಟ್ಟುಕೊಂಡಳು. ಉಪ್ಪುಪ್ಪು ರುಚಿ ನಾಲಗೆಗೆ ತಾಗಿದ್ದೇ, ಬೆಳಗಿನಿಂದ ಎದೆಯಲ್ಲಿ ಅದುಮಿಟ್ಟುಕೊಂಡಿದ್ದ ಮಾತು ಗಂಟಲವರೆಗೂ ಬಂತು. ಪಾಂಡೆಲಿ ಬದುಕಿದ್ದಾನೆ. ಪಾಂಡೆಲಿ ಆ ಹಡಗಿನ ಮೇಲಿದ್ದಾನೆ.

ಹೇಳಿದವನು ಗಿಕಾ. ಬೆಳಿಗ್ಗೆ ನೀರಿನ ತೊಟ್ಟಿಯ ಹತ್ತಿರ ಕೊಡ ತುಂಬಿಸಿಕೊಂಡು ಏಳುವಾಗ ಗೋಡೆಯ ನೆರಳಿನಲ್ಲಿ ಯಾರೋ ಕುಳಿತಿದ್ದು ಕಂಡಿತು. ಭಿಕ್ಷುಕನಿರಬೇಕೆಂದು ದಾಟಿ ಹೋಗುತ್ತಿದ್ದವಳನ್ನು "ಅಕ್ಕಾ" ಎಂದು ಕರೆದ. ದನಿ ಕೇಳಿದ ಮೇಲೆ ಗುರುತು ಸಿಕ್ಕಿತು. ಸುಲ್ತಾನನ ನೌಕಾಪಡೆಗೆ ದ್ವೀಪದಿಂದ ಆಳು ಒಯ್ದ ಕೊನೆಯ ವರ್ಷ ಅವಳ ತಮ್ಮ ಪಾಂಡೆಲಿಯ ಜೊತೆಗೇ ಹೋಗಿದ್ದ ಹುಡುಗ, ಈಗ ಮುದುಕನಂತಾಗಿದ್ದ. ಸುಲ್ತಾನನ ಮೇಲೆ ದ್ವೀಪಗಳು ದಂಗೆಯೆದ್ದು ಯುದ್ಧ ಶುರುವಾದದ್ದೇ ತುರ್ಕಿಯ ಹಡಗುಗಳಲ್ಲಿದ್ದ ನಮ್ಮವರನ್ನೆಲ್ಲ ಕೊಂದರಂತೆ ಎಂಬ ಸುದ್ದಿ ಬಂದಿತ್ತು, ದ್ವೀಪ ಅತ್ತು ಮುಗಿಸಿತ್ತು. "ಎಲ್ಲರನ್ನೂ ಕೊಂದ್ರೆ ಹಾಯಿ ಕಟ್ಟೋರು ಯಾರಕ್ಕ?" ಎಂದ ಗಿಕಾ. "ಅವರ ಹತ್ರ ಬೇಕಾದಷ್ಟು ಸಿಪಾಯಿಗಳಿದ್ದಾರೆ. ಹಗ್ಗ ಹಿಡಿಯೋರು ಇಲ್ಲ. ಕೆಲಸ ಬಲ್ಲ ಕೆಲವರನ್ನ ಉಳಿಸ್ಕೊಂಡ್ರು. ರಾತ್ರಿಯೆಲ್ಲ ಕಾಲಿಗೆ ಸರಪಳಿ, ಬೆಳಗಾದ್ರೆ ಬಿಚ್ಚಿ ಹಾಯಿಮರ ಹತ್ತಿಸ್ತಾರೆ." ಕಣಕಾಲಿನ ಹುಣ್ಣಿನ ಮೇಲೆ ಕೂತ ನೊಣವನ್ನು ಓಡಿಸುತ್ತ ಅವನು ಹೇಳುತ್ತ ಹೋದ. ಸಾಮೋಸ್ ದ್ವೀಪದ ಹತ್ತಿರ ಅವನು ಸಮುದ್ರಕ್ಕೆ ಹಾರಿದ್ದ. ಪ್ಸಾರಾ ದ್ವೀಪದವರ ದೋಣಿಯೊಂದು ಎತ್ತಿಕೊಂಡಿತ್ತು. ಹಾರುವ ಮುಂಚೆ ಹಡಗುಗಳು ಅಕ್ಕಪಕ್ಕ ಲಂಗರು ಹಾಕಿದ್ದಾಗ, ಪಕ್ಕದ ಹಡಗಿನ ಹಾಯಿಮರದ ತುದಿಯಿಂದ ಯಾರೋ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದರಂತೆ. "ಪಾಂಡೆಲೀನೇ. ನಮ್ಮ ಮಾತಲ್ಲೇ ಕೂಗ್ದ. ನನ್ನ ಹಲ್ಲೆಲ್ಲ ಇನ್ನೂ ಗಟ್ಟಿ ಇವೆ, ಅವ್ವನಿಗೆ ಹೇಳೋ ಅಂದ." ಯಾವ ಹಡಗು ಎಂದು ಅವಳು ಕೇಳಲಿಲ್ಲ. ಕೇಳದಿದ್ದರೆ ಅದು ಬೇರೆ ಹಡಗಾಗಿ ಉಳಿಯಬಹುದಿತ್ತು. ಆದರೆ ಗಿಕಾ ತಾನಾಗಿಯೇ ಹೇಳಿದ. "ಕೆಂಪು ಮೂತಿಯದು."

ಕೆಂಪು ಮೂತಿಯದನ್ನು ಅರಿಯದವರು ಬಂದರಿನಲ್ಲಿ ಯಾರೂ ಇರಲಿಲ್ಲ. ಮುಂಭಾಗಕ್ಕೆ ಕೆಂಪು ಬಳಿದ ಆ ದೊಡ್ಡ ಹಡಗು ಕಿಯೋಸ್ ದ್ವೀಪದ ಮುಂದೆ ನಿಂತಾಗ ಏನಾಯಿತೆಂದು ಅಲ್ಲಿಂದ ತಪ್ಪಿಸಿಕೊಂಡು ಬಂದವರು ಹೇಳಿದ್ದರು. ಹೇಳಲಾಗದ್ದನ್ನು ಅವರ ಮಕ್ಕಳು ನಿದ್ದೆಯಲ್ಲಿ ಕಿರುಚಿದ್ದರು. ಈಗ ಅದು ಉಳಿದ ಹಡಗುಗಳನ್ನು ಬೆನ್ನಿಗೆ ಹಾಕಿಕೊಂಡು ಇತ್ತ ಬರುತ್ತಿತ್ತು. ಅದಕ್ಕೆಂದೇ ಬಂದರಿನಲ್ಲಿ ಒಂದು ಹಳೆಯ ಹಡಗಿನ ಹೊಟ್ಟೆಗೆ ಗಂಧಕ, ರಾಳ, ಒಣ ಪೊದೆ, ಸಿಡಿಮದ್ದು ತುಂಬುತ್ತಿದ್ದರು. ಅದನ್ನು ನೇರ ಕೆಂಪು ಮೂತಿಗೆ ನಡೆಸಿಕೊಂಡು ಹೋಗಿ, ಕೊಕ್ಕೆ ಸಿಕ್ಕಿಸಿ, ಬೆಂಕಿ ಕೊಟ್ಟು, ಹಿಂದೆ ಕಟ್ಟಿದ ದೋಣಿಗೆ ಹಾರಿ ಬರಬೇಕು. ಚುಕ್ಕಾಣಿ ಹಿಡಿಯುತ್ತೇನೆಂದು ತಾನಾಗಿಯೇ ಮುಂದೆ ಬಂದವನು ಅವಳ ಗಂಡ ಸಾವಾ.

"ಅವ್ವನಿಗೆ ಹೇಳಿದ್ಯಾ?" ಎಂದು ಕೇಳಿದಳು. ಗಿಕಾ ಹುಣ್ಣನ್ನೇ ನೋಡುತ್ತ, "ನಿನಗೂ ಹೇಳ್ಬಾರದಿತ್ತು," ಎಂದ. ಆಮೇಲೆ ತಲೆಯೆತ್ತಲಿಲ್ಲ.

ಕೊಡವನ್ನು ಹೆಗಲ ಮೇಲಿಟ್ಟುಕೊಂಡು ಮೆಟ್ಟಿಲು ಹತ್ತುವಾಗ ಅವಳಿಗೆ ಮೊದಲು ಅನಿಸಿದ್ದು ಸಂತೋಷವಲ್ಲ. ಅದನ್ನು ನೆನೆದರೆ ಈಗಲೂ, ಈ ಒಲೆಯ ಮುಂದೆಯೂ, ಮೈಯೆಲ್ಲ ಹಿಡಿಯಾಗುತ್ತಿತ್ತು. ಅವಳಿಗೆ ಅನಿಸಿದ್ದು ಸಿಟ್ಟು. ಒಂದು ಸಲ ಸತ್ತವನು ಹಾಗೇ ಇರಬಾರದಿತ್ತೇ ಎಂಬಂಥ ಸಿಟ್ಟು. ಒಂದು ಉಸಿರಿನಷ್ಟು ಹೊತ್ತು ಮಾತ್ರ. ಆದರೂ ಬಂದದ್ದು ಬಂದಿತ್ತು. ಯಾರಿಗೂ ಕಾಣದೆ ಬಂದು, ತನ್ನ ಮುಖವನ್ನು ಅವಳಿಗೊಬ್ಬಳಿಗೇ ತೋರಿಸಿ ಹೋಗಿತ್ತು. ಹತ್ತಿ ಮುಗಿಯದ ಬಿಳಿಯ ಮೆಟ್ಟಿಲುಗಳು, ಕತ್ತೆಯೊಂದು ರಾಳದ ಪೀಪಾಯಿ ಹೊತ್ತು ಇಳಿದುಬರುತ್ತಿತ್ತು, ಅವಳು ಗೋಡೆಗೆ ಅಂಟಿ ದಾರಿ ಬಿಟ್ಟಳು. ಅವತ್ತೂ ಹೀಗೇ ಗೋಡೆಗೆ ಅಂಟಿ ನಿಂತಿದ್ದಳು. ದ್ವೀಪದ ಹಿರಿಯರ ಮುಂದೆ ಚೀಟಿ ಎತ್ತಿದ ದಿನ. ಸುಲ್ತಾನನ ಚಾಕರಿಗೆ ಹೋಗಬೇಕಾದವರ ಸಾಲಿನಲ್ಲಿ ಸಾವಾನ ಹೆಸರು ಬಂದಿತ್ತು. ಅವಳ ಮಗು ಆಗಿನ್ನೂ ಹಾಲು ಕುಡಿಯುತ್ತಿತ್ತು. ಅವಳು ಸಾವಾನನ್ನು ಕೇಳಲಿಲ್ಲ, ಹಿರಿಯರನ್ನು ಕೇಳಲಿಲ್ಲ, ನೇರ ಅವ್ವನ ಮನೆಗೆ ಹೋಗಿ, ಬಲೆ ನೇಯುತ್ತ ಕುಳಿತಿದ್ದ ತಮ್ಮನ ಮುಂದೆ ಮಗುವನ್ನು ಮಲಗಿಸಿ ಸುಮ್ಮನೆ ನಿಂತಳು. ಒಂದು ಮಾತೂ ಆಡಲಿಲ್ಲ. ಪಾಂಡೆಲಿ ಮಗುವಿನ ಅಂಗಾಲಿಗೆ ಬೆರಳಿಂದ ಕಚಗುಳಿ ಇಟ್ಟು, "ಇವಳಪ್ಪನಿಗೆ ಹೇಳು, ಇವಳ ಮದುವೇಲಿ ನಂಗೆ ಒಳ್ಳೆ ಟೋಪಿ ಕೊಡಿಸ್ಬೇಕಂತ," ಎಂದ. ಅಷ್ಟೇ. ಅವನು ಎದ್ದು ಹೋಗಿ ಭಾವನ ಬದಲಿಗೆ ತನ್ನ ಹೆಸರು ಬರೆಸಿ ಬಂದ. ಅವ್ವ ಒಲೆಯ ಹತ್ತಿರ ನಿಂತು ಎಲ್ಲವನ್ನೂ ನೋಡಿದ್ದಳು. ಅವನ ಸಾವಿನ ಸುದ್ದಿ ಬಂದ ದಿನದಿಂದ ಅವ್ವ ಮಗಳ ಜೊತೆ ಮಾತು ಬಿಟ್ಟಿದ್ದಳು. ಬೈದಿದ್ದರೆ ಆಗುತ್ತಿತ್ತು. ದಾರಿಯಲ್ಲಿ ಎದುರಾದರೆ ಮೊಮ್ಮಗಳ ಕೆನ್ನೆ ಮುಟ್ಟಿ, ಮಗಳ ಭುಜದ ಮೇಲಿಂದ ಆಚೆ ಏನನ್ನೋ ನೋಡುತ್ತ ಹೊರಟುಹೋಗುತ್ತಿದ್ದಳು.

ಸಾವಾನಿಗೂ ಅದೇ ಗತಿ. ಮಡದಿಯ ತಮ್ಮನನ್ನು ಸಾವಿಗೆ ಕಳಿಸಿ ಮನೆಯಲ್ಲಿ ಕೂತವನು ಎಂದು ಹೆಂಡದಂಗಡಿಯಲ್ಲಿ ಯಾರೋ ಹಾಡು ಕಟ್ಟಿದ್ದರು. ತಾನು ಕೇಳಿಕೊಳ್ಳದೆ ಆದದ್ದು ಅದು ಎಂದು ಅವನು ಯಾರಿಗೂ ಹೇಳಲಿಲ್ಲ, ಅವಳನ್ನು ಎತ್ತಿಯೂ ಆಡಲಿಲ್ಲ. ಸುಡುವ ಹಡಗಿಗೆ ಚುಕ್ಕಾಣಿಗ ಯಾರು ಎಂದಾಗ ಮಾತ್ರ ಎದ್ದು ನಿಂತಿದ್ದ.

ಮಧ್ಯಾಹ್ನ ಅವಳು ಮನೆಗೆ ಬಂದಾಗ ಅವನು ಅಂಗಳದಲ್ಲಿ ಬೆನ್ನು ಬಾಗಿಸಿ ಕೂತಿದ್ದ. ಮೈಯಿಂದ ಗಂಧಕದ ನಾತ. ಮಗು ಮೂಗು ಮುಚ್ಚಿಕೊಂಡು ಅವನ ಸುತ್ತ ಓಡುತ್ತಿತ್ತು.

"ಕತ್ತರಿ ತಗೊಂಬಾ," ಎಂದ. "ಕೂದಲು, ಗಡ್ಡ, ಎಲ್ಲ ತೆಗೆದುಬಿಡು. ಕಿಡಿ ಹಾರಿದ್ರೆ ಮೊದಲು ಹತ್ತಿಕೊಳ್ಳೋದು ಅದೇನೆ."

ಮಗುವನ್ನು ಪಕ್ಕದ ಮನೆಗೆ ಕಳಿಸಿ ಅವಳು ಅವನ ಹಿಂದೆ ನಿಂತಳು. ಮದುವೆಯಾದಂದಿನಿಂದ ಆ ಕೂದಲಲ್ಲಿ ಬೆರಳಾಡಿಸಿದ್ದಳೇ ಹೊರತು ಅದರಡಿಯ ತಲೆ ಇಷ್ಟು ಚಿಕ್ಕದು ಎಂದು ಅವಳಿಗೆ ಗೊತ್ತಿರಲಿಲ್ಲ. ಕಿವಿಯ ಹಿಂದೆ ಒಂದು ಹಳೆಯ ಗಾಯದ ಗೆರೆ. ಅದರ ಕಥೆಯನ್ನೂ ಅವಳು ಕೇಳಿರಲಿಲ್ಲ. ಕತ್ತರಿಸಿದ ಕೂದಲು ಚಪ್ಪಡಿಯ ಮೇಲೆ ಬಿದ್ದು ಗಾಳಿಗೆ ಹೊರಳಾಡುತ್ತಿತ್ತು. ಈಗ ಹೇಳಬೇಕು ಎಂದುಕೊಂಡಳು. ಈ ಎಡಗಡೆಯದು ಮುಗಿದ ಮೇಲೆ. ಹಣೆಯ ಮೇಲಿನದು ಮುಗಿದ ಮೇಲೆ. ಹೇಳಿದರೆ ಏನಾಗುತ್ತದೆ? ಇವನು ಬೇರೆಯವನಿಗೆ ಚುಕ್ಕಾಣಿ ಬಿಟ್ಟುಕೊಟ್ಟಾನೇ? ಬಿಟ್ಟರೆ ಹೆಂಡದಂಗಡಿಯ ಹಾಡಿಗೆ ಇನ್ನೊಂದು ಸಾಲು ಸೇರುತ್ತದೆ, ಬೇರೆಯವನು ಹೋಗಿ ಅದೇ ಹಡಗನ್ನು ಸುಡುತ್ತಾನೆ. ಬಿಡದೆ ಹೋದರೆ, ಆ ಮೂತಿಯ ಹತ್ತಿರ ಹೋದಾಗ ಮೇಲೆ ಹಾಯಿಮರದಲ್ಲಿ ಯಾರಿದ್ದಾರೆಂದು ಒಮ್ಮೆ ಕತ್ತೆತ್ತಿ ನೋಡುತ್ತಾನೆ. ಒಮ್ಮೆ ನೋಡಿದರೆ ಸಾಕು. ಸುಮ್ಮನಿದ್ದರೆ? ಇವನು ಬದುಕಬಹುದು. ಕೆಳಗೆ ಬಂದರಿನ ಮನೆಗಳಲ್ಲಿ ಮಕ್ಕಳು ಬದುಕಬಹುದು. ಲೆಕ್ಕ ಸರಿಯಾಗಿಯೇ ಇತ್ತು, ಅದಕ್ಕೇ ಅವಳಿಗೆ ಅದರ ಮೇಲೆ ನಂಬಿಕೆ ಬರಲಿಲ್ಲ. ಚೀಟಿಯ ದಿನವೂ ಲೆಕ್ಕ ಸರಿಯಾಗಿಯೇ ಇತ್ತು.

"ಸಾವಾ," ಎಂದಳು.

"ಹೂಂ."

"ಹೆದರಿಕೆ ಆಗ್ತಿದ್ಯಾ?"

ಅವನು, "ಸಾಯೋಕಲ್ಲ," ಎಂದ. "ಕೊಕ್ಕೆ ಸಿಕ್ಕಿಸೋ ಹೊತ್ತಿಗೆ ಕೈ ನಡುಗಬಾರದು. ಅಲ್ಲೊಂದು ಗಳಿಗೆ ಹಿಂದುಮುಂದು ನೋಡಿದ್ರೆ ಮುಗೀತು, ನಾವೂ ಸುಟ್ಟುಹೋಗ್ತೀವಿ, ಅದು ಬಿಡಿಸ್ಕೊಂಡು ಇಲ್ಲಿಗೆ ಬರುತ್ತೆ. ಅದೊಂದೇ ಹೆದರಿಕೆ." ಆಮೇಲೆ, ತನಗೇ ಹೇಳಿಕೊಳ್ಳುವಂತೆ, "ಪಾಂಡೆಲಿಗೆ ಅವರು ಮಾಡಿದ್ದು ನೆನಸ್ಕೋತೀನಿ. ಆಗ ನಡುಗಲ್ಲ," ಎಂದ.

ಅವಳ ಕತ್ತರಿ ನಿಂತಿತು. ಅವನು ತಿರುಗಿ ನೋಡಲು ಹೊರಟಾಗ ಅಂಗೈಯಿಂದ ಅವನ ತಲೆಯನ್ನು ಮುಂದಕ್ಕೆ ಒತ್ತಿ ಹಿಡಿದು, "ಅಲ್ಲಾಡಬೇಡ, ಕಿವಿ ಕತ್ತರಿಸಿ ಹೋದೀತು," ಎಂದಳು. ಅವನು ನಕ್ಕ. ಅವಳು ಗಡ್ಡಕ್ಕೆ ಕೈ ಹಾಕಿದಳು. ಹೇಳಬಾರದೆಂದು ಯಾವಾಗ ತೀರ್ಮಾನವಾಯಿತೋ ಅವಳಿಗೂ ತಿಳಿಯಲಿಲ್ಲ. ಗಡ್ಡ ಮುಗಿಯುವ ಹೊತ್ತಿಗೆ ಆಗಿಹೋಗಿತ್ತು. ಮನುಷ್ಯರು ಬಾಯಿ ತೆಗೆಯದೆಯೇ ಎಷ್ಟೊಂದು ಮಾಡಿಬಿಡಬಹುದು ಎಂದು ಅವಳಿಗೆ ಆಶ್ಚರ್ಯವಾಯಿತು. ಅವತ್ತೂ ಮಗುವನ್ನು ನೆಲದ ಮೇಲೆ ಮಲಗಿಸಿ ಅವಳು ಸುಮ್ಮನೆ ನಿಂತದ್ದಷ್ಟೇ.

ಇಳಿಹೊತ್ತಿಗೆ ಬಂದರಿನಲ್ಲಿ ದ್ವೀಪವೆಲ್ಲ ಸೇರಿತ್ತು. ಪಾದ್ರಿ ಸುಡುವ ಹಡಗಿನ ಹಲಗೆಗಳಿಗೂ ಒಳಗಿನ ಮದ್ದಿಗೂ ತೀರ್ಥ ಚಿಮುಕಿಸುವಾಗ ಯಾರೋ, "ಸಾಕು ಸ್ವಾಮೀ, ಒದ್ದೆಯಾದ್ರೆ ಹತ್ತಿಕೊಳ್ಳಲ್ಲ," ಎಂದು ಕೂಗಿ ಜನರನ್ನು ನಗಿಸಿದ. ಬೋಳು ತಲೆಯ ಸಾವಾ ಮಗುವಿಗೆ ಗುರುತು ಸಿಗದೆ ಅದು ಅಮ್ಮನ ಕೊರಳಿಗೆ ಜೋತುಬಿತ್ತು. ಕಪ್ತಾನಮ್ಮ ಕೂಡ ಬಂದು, ಅಂಗಳದಲ್ಲಿ ಏನೂ ಆಡಿಲ್ಲವೆಂಬಂತೆ, ಅಸಿಮೀನಾಳ ಭುಜ ಸವರಿದಳು. ಆಗ ಜನರನ್ನು ಸರಿಸಿಕೊಂಡು ಅವ್ವ ಬಂದಳು. ಕಪ್ಪು ಬಟ್ಟೆ, ಬಿಗಿದ ತುಟಿ. ಮಗಳತ್ತ ನೋಡದೆ ನೇರ ಅಳಿಯನ ಮುಂದೆ ಹೋಗಿ ನಿಂತಳು. ಸಾವಾ ತಲೆ ತಗ್ಗಿಸಿದ, ಹೊಡೆತಕ್ಕೆ ಕಾದವನಂತೆ. ಅವ್ವ ಆ ಬೋಳು ತಲೆಯ ಮೇಲೆ ಅಂಗೈಯಿಟ್ಟಳು. ಬಹಳ ಹೊತ್ತು ಇಟ್ಟಿದ್ದಳು. "ಕೈ ಗಟ್ಟಿಯಿರಲಿ ಮಗನೇ," ಎಂದಳು. ಅಷ್ಟು ಹೇಳಿ, ಬಂದ ಹಾಗೆಯೇ ಜನರ ನಡುವೆ ಹೊರಟುಹೋದಳು. ಸಾವಾನ ಕಣ್ಣಲ್ಲಿ ನೀರು ತುಂಬಿತು. ಹೆಂಡತಿಯ ಕಡೆ ತಿರುಗಿ ಏನೋ ಗೆದ್ದವನಂತೆ ನೋಡಿದ. ಅವ್ವ ಕ್ಷಮಿಸಿದ್ದಾಳೆ ಎಂದುಕೊಂಡನಲ್ಲ, ಪಾಪ, ಎಂದು ಅಸಿಮೀನಾಳಿಗೆ ಅನಿಸಿತು. ಅವ್ವನಿಗೆ ಗೊತ್ತಿದ್ದರೆ ಆ ಕೈ ಆ ತಲೆಯ ಮೇಲೆ ಕೂರುತ್ತಿತ್ತೇ? ಗೊತ್ತಿಲ್ಲದ ಮುದುಕಿಯ ಕೈಯಿಂದ ಹರಸಿಸಿ ಕಳಿಸಿದ ಹಾಗಾಯಿತು. ಹಾಯಿಗಳು ಗಾಳಿ ತುಂಬಿಕೊಂಡವು. ಅವಳು ಮಗುವಿನ ಕೈ ಹಿಡಿದು ಬೀಸಿದಳು.

ಆಮೇಲಿನ ದಿನಗಳಲ್ಲಿ ಅವಳಿಗೆ ಒಂದು ವಿಚಿತ್ರ ಅಭ್ಯಾಸ ಶುರುವಾಯಿತು. ಯಾರೇ ಶಿಳ್ಳೆ ಹೊಡೆದರೂ, ಕತ್ತೆ ಹೊಡೆಯುವವನು, ಬೆಸ್ತ, ಬೀದಿಯ ಹುಡುಗ, ಅವಳ ಕೈಯಲ್ಲಿದ್ದದ್ದು ಕೆಳಗೆ ಬೀಳುತ್ತಿತ್ತು. ಒಂದು ಬೋಗುಣಿ ಒಡೆಯಿತು. ಎಣ್ಣೆ ಚೆಲ್ಲಿತು. ಗಂಡನಿಗಾಗಿ ಹೀಗಾಗಿದ್ದಾಳೆಂದು ನೆರೆಯವರು ಬಂದು ಸಂತೈಸುತ್ತಿದ್ದರು, ತಮ್ಮ ಮನೆಯಿಂದ ಸಾರು ತಂದಿಡುತ್ತಿದ್ದರು. ಅವರ ಕರುಣೆಯನ್ನು ಅವಳು ಕದ್ದ ಮಾಲಿನಂತೆ ತೆಗೆದುಕೊಂಡಳು. ಗುಡಿಯಲ್ಲಿ ಮೇಣದಬತ್ತಿ ಹಚ್ಚಿ ನಿಂತರೆ ಏನನ್ನು ಬೇಡಬೇಕೆಂದೇ ತಿಳಿಯುತ್ತಿರಲಿಲ್ಲ. ಗಂಡ ಬರಲಿ ಎಂದರೆ ಮುಂದಿನ ಮಾತು, ಆ ಹಡಗು ಸುಡಲಿ ಎಂಬುದು, ತಾನಾಗಿಯೇ ಬರುತ್ತಿತ್ತು. ಬತ್ತಿ ಹತ್ತಿಸಲೂ ಕೈ ಹಿಂಜರಿಯುತ್ತಿತ್ತು. ಗಿಕಾ ಅವಳನ್ನು ಕಂಡರೆ ಓಣಿ ಬದಲಿಸುತ್ತಿದ್ದ. ಒಂದೊಂದು ಸಲ ಅವಳು, ತಮ್ಮ ಕೆಂಪು ಮೂತಿಯಿಂದ ಇಷ್ಟು ಹೊತ್ತಿಗೆ ಹಾರಿರಬಹುದು, ಗಿಕಾ ಹಾರಿದಂತೆಯೇ, ಎಂದು ಹೇಳಿಕೊಂಡು ಒಂದು ಇಡೀ ಮಧ್ಯಾಹ್ನ ಹಗುರಾಗಿ ಇರುತ್ತಿದ್ದಳು. ಪಾಂಡೆಲಿಗೆ ಈಜು ಅವಳೇ ಕಲಿಸಿದ್ದು. ಅವನ ಹೊಟ್ಟೆಯ ಕೆಳಗೆ ಕೈಯಿಟ್ಟು ತೇಲಿಸಿ, ಹೇಳದೆ ಕೈ ತೆಗೆದುಬಿಡುತ್ತಿದ್ದಳು.

ಗಂಟೆಗಳು ಬಾರಿಸಿದ್ದು ಒಂದು ಬೆಳಿಗ್ಗೆ. ಹಡಗುಗಳು ಬಾವುಟ ಏರಿಸಿಕೊಂಡು ಬರುತ್ತಿದ್ದವು, ಜನ ಮೆಟ್ಟಿಲುಗಳ ಮೇಲೆ ಬಿದ್ದು ಎದ್ದು ಓಡುತ್ತಿದ್ದರು. ಕೆಂಪು ಮೂತಿ ನೀರಿನ ಮಟ್ಟದವರೆಗೂ ಉರಿದುಹೋಗಿತ್ತು. ಉಳಿದ ತುರ್ಕಿ ಹಡಗುಗಳು ಚದುರಿ ಉತ್ತರಕ್ಕೆ ಓಡಿದ್ದವು. ಸಾವಾನನ್ನು ಹೆಗಲ ಮೇಲೆ ಹೊತ್ತು ತಂದರು. ಹೆಂಡದಂಗಡಿಯ ಹಾಡು ಕಟ್ಟಿದವನೇ ಮುಂದೆ ಕುಣಿಯುತ್ತಿದ್ದ. ಸಾವಾನ ಎರಡೂ ಕೈಗಳಿಗೆ ಎಣ್ಣೆ ನೆನೆಸಿದ ಬಟ್ಟೆ ಸುತ್ತಿತ್ತು, ಹುಬ್ಬುಗಳು ಇರಲಿಲ್ಲ. ಬಾಗಿಲಲ್ಲಿ ಅವನನ್ನು ಇಳಿಸಿದಾಗ ಅವನು ಮಗುವನ್ನು ಎತ್ತಿಕೊಳ್ಳಲು ಹೋಗಿ, ಆಗದೆ, ಮೊಣಕಾಲೂರಿ ತನ್ನ ಮುಖವನ್ನು ಅದರ ಹೊಟ್ಟೆಗೆ ಒತ್ತಿದ.

ಜನ ತುಸು ಕರಗಿದ ಮೇಲೆ ಅವಳು ಅವನಿಗೆ ನೀರು ಕುಡಿಸಿದಳು. ಬಟ್ಟಲನ್ನು ಅವನ ತುಟಿಗೆ ಹಿಡಿದಿದ್ದಾಗ, ಅದರ ಅಂಚಿನ ಮೇಲಿಂದ ಅವನು ಅವಳನ್ನೇ ನೋಡುತ್ತಿದ್ದ.

"ನೀರಿಗೆ ಹಾರಿದೋರು ಕೂಗ್ತಿದ್ರು," ಎಂದ. "ಯಾವ್ಯಾವ್ದೋ ಭಾಷೇಲಿ. ಅರಬ್ಬರು, ತುರ್ಕಿಗಳು. ಅದರ ಮಧ್ಯ ಒಬ್ಬ ನಮ್ಮ ಮಾತಲ್ಲಿ ಕೂಗ್ದ ಅಸಿಮೀ. ನಮ್ಮ ಮನೆ ಮಾತಲ್ಲಿ. ದೋಣಿ ತಿರುಗಿಸ್ರೋ ಅಂದೆ ನಾನು. ಯಾರೂ ಕೇಳಲಿಲ್ಲ. ತಿರುಗಿಸೋ ಹಾಗೂ ಇರ್ಲಿಲ್ಲ, ಮದ್ದಿನ ಕೋಣೆಗೆ ಬೆಂಕಿ ಬಿದ್ದಿತ್ತು."

"ಏನಂತ ಕೂಗ್ದ?"

"ಅವ್ವಾ ಅಂತ."

ಬಟ್ಟಲಿನಲ್ಲಿ ಇನ್ನೂ ನೀರಿತ್ತು. ಅವಳು ಅದನ್ನು ಚೆಲ್ಲದಂತೆ ಕೆಳಗಿಟ್ಟಳು. "ಬೆಂಕಿ ಸದ್ದಲ್ಲಿ ಏನೇನೋ ಕೇಳ್ಸುತ್ತೆ," ಎಂದಳು. "ಎಲ್ಲ ಭಾಷೇಲೂ ಅವ್ವನ್ನ ಹಾಗೇ ಕೂಗೋದು." ಅವನು ಅದನ್ನು ನಂಬಲು ಪ್ರಯತ್ನಿಸುತ್ತಿರುವುದು ಅವನ ಮುಖದಲ್ಲಿ ಕಂಡಿತು. ಹುಬ್ಬಿಲ್ಲದ ಮುಖ ಎಲ್ಲವನ್ನೂ ಬಿಟ್ಟುಕೊಡುತ್ತಿತ್ತು. ಮತ್ತೆ ಬಾಗಿಲಲ್ಲಿ ಗದ್ದಲ, ಯಾರೋ ಹೆಂಡದ ಬುರುಡೆ ಹಿಡಿದು ಬಂದರು, ಇನ್ನೊಮ್ಮೆ ಹೇಳು ಸಾವಾ, ಕೊಕ್ಕೆ ಹೇಗೆ ಹಾಕಿದೆ ಹೇಳು ಎಂದು ಅವನ ಸುತ್ತ ಕೂತರು. ಅವಳು ಹಿಂಬಾಗಿಲಿಂದ ಹೊರಬಿದ್ದಳು.

ಅವ್ವನ ಮನೆಯ ಬಾಗಿಲು ಮುಚ್ಚಿತ್ತು. ಬಡಿಯಲಿಲ್ಲ, ತಳ್ಳಿದಳು. ಅವ್ವ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಅಸಿಮೀನಾಳಿಗೆ ಹೊಸಿಲಲ್ಲೇ ಮರೆತುಹೋದವು. "ಅವ್ವಾ, ಪಾಂಡೆಲಿ ಸತ್ತಿರ್ಲಿಲ್ಲ," ಎಂದಳು. "ನಂಗೆ ಗೊತ್ತಿತ್ತು. ಇವರು ಹೊರಡೋ ದಿನ ಬೆಳಿಗ್ಗೇನೇ ಗೊತ್ತಿತ್ತು. ನಾನು ಹೇಳಲಿಲ್ಲ."

ಅವ್ವ ತಿರುಗಿದಳು. ಅಷ್ಟು ದಿನಗಳ ಮೇಲೆ ಮೊದಲ ಸಲ ಮಗಳ ಮುಖವನ್ನು ನೇರ ನೋಡಿದಳು.

"ಆ ಬಾಯಿ ಹರುಕ ನಿನಗೂ ಹೇಳಿದ್ನಾ?" ಎಂದಳು. "ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ದೆ."

ಅಸಿಮೀನಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬಂದರಿನಲ್ಲಿ ಬೋಳು ತಲೆಯ ಮೇಲೆ ಕೂತಿದ್ದ ಕೈ. ಅದು ತಿಳಿಯದವಳ ಕೈಯಾಗಿರಲಿಲ್ಲ.

"ಗಿಕಾ ದೋಣಿ ಇಳಿದೋನು ಮೊದಲು ಬಂದಿದ್ದೇ ನನ್ನ ಹತ್ರ," ಎಂದಳು ಅವ್ವ. "ಹಲ್ಲು ಗಟ್ಟಿ ಇದೆಯಂತೆ. ನೋಡು, ಅದೊಂದನ್ನ ಹೇಳಿ ಕಳಿಸಿದ್ದ. ರಾತ್ರಿಯೆಲ್ಲ ಕೂತೆ. ಬೆಳಿಗ್ಗೆ ಹೋಗಿ ಹಿರಿಯರ ಕಾಲು ಹಿಡೀಲಾ ಅಂದ್ಕೊಂಡೆ. ಕಿಯೋಸಿನಿಂದ ತಪ್ಪಿಸ್ಕೊಂಡು ಬಂದ ಆ ಹೆಣ್ಣುಮಕ್ಕಳು ಗೋಡೆ ಕಡೆ ಮುಖ ಮಾಡ್ಕೊಂಡು ತಿಂತಾರಲ್ಲ, ಅದನ್ನ ನೋಡಿ ವಾಪಸ್ ಬಂದೆ." ಅವಳ ದನಿ ಒಡೆಯಲಿಲ್ಲ, ಯಾವುದೋ ಭಾರವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡಂತೆ ಸ್ವಲ್ಪ ನಿಂತಿತು. "ನಿನ್ನ ಗಂಡನಿಗೆ ಗೊತ್ತಾ?"

"ಇಲ್ಲ."

"ಹೇಳಬೇಡ. ಅವನು ಇನ್ನೂ ಬೇರೆ ಹಡಗು ಸುಡೋದಿದೆ."

ಮಗಳು ನಿಂತಲ್ಲೇ ಕುಸಿದಳು. ಅವ್ವ ಬಂದು ಎಬ್ಬಿಸಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. ಪಕ್ಕದಲ್ಲಿ ನೆಲದ ಮೇಲೆ ಕೂತಳು. ಇಬ್ಬರ ಭುಜ ತಾಗಿತು. ಆ ತಾಗಿದ ಜಾಗದಿಂದಲೇ ಎಂಬಂತೆ ಅಳು ಬಂತು, ಯಾರದು ಯಾರದೆಂದು ತಿಳಿಯದಂತೆ. ಕೆಳಗೆ ಬಂದರಿನಲ್ಲಿ ಕೋವಿ ಹಾರಿಸುತ್ತಿದ್ದರು. ಆಮೇಲೆ ಅವ್ವ ಎದ್ದು ಒಲೆಯಿಂದ ಮಡಕೆ ಇಳಿಸಿ, ನೀರು ಬಸಿದು, ಬೋಗುಣಿಗೆ ಸುರಿದಳು. ಗೋಧಿ. ಇಡೀ ಕಾಳು, ಒಡೆಯುವಷ್ಟು ಬೆಂದಿತ್ತು. ಅದಕ್ಕೆ ಒಣದ್ರಾಕ್ಷಿ, ಬಾದಾಮಿ, ಸ್ವಲ್ಪ ಸಕ್ಕರೆ ಬೆರೆಸುವುದನ್ನು ಅಸಿಮೀನಾ ನೋಡಿದಳು. ಸತ್ತವರ ಹೆಸರಿನಲ್ಲಿ ಬೇಯಿಸುವ ಗೋಧಿ. ಗುಡಿಗೆ ಒಯ್ದರೆ ಪಾದ್ರಿ ಹೆಸರು ಕೇಳುತ್ತಾನೆ, ಹೆಸರು ಹೇಳಿದರೆ ಈಗೇಕೆ ಎಂದು ಊರು ಕೇಳುತ್ತದೆ. ಅದಕ್ಕೇ ಬಾಗಿಲು ಮುಚ್ಚಿತ್ತು.

"ಅತ್ತೇ," ಎಂದು ಹೊರಗಿನಿಂದ ಸಾವಾನ ದನಿ. "ಅಸಿಮೀ ಇಲ್ಲಿದ್ದಾಳಾ?"

ಬೋಗುಣಿ ಮುಚ್ಚಿಡಲು ಹೊತ್ತಾಗಲಿಲ್ಲ. ಭುಜದಿಂದ ಬಾಗಿಲು ತಳ್ಳಿಕೊಂಡು ಬಂದವನು ಹೊಸಿಲಲ್ಲೇ ನಿಂತ. "ಅವರು ಬಿಡ್ತಾನೇ ಇಲ್ಲ," ಎಂದ, ತಪ್ಪು ಮಾಡಿದ ಮಗುವಿನಂತೆ. "ಹೇಳಿದ್ದನ್ನೇ ಹೇಳು ಅಂತಾರೆ. ಆಗಲ್ಲ ನಂಗೆ." ಆಮೇಲೆ ಬೋಗುಣಿ ನೋಡಿದ. ಅದು ಏನೆಂದು ಆ ದ್ವೀಪದಲ್ಲಿ ಯಾರಿಗೂ ಹೇಳಬೇಕಾಗಿರಲಿಲ್ಲ.

"ಯಾರಿಗತ್ತೆ?"

"ನೀರಿಗೆ ಬಿದ್ದೋರಿಗೆ," ಎಂದಳು ಅವ್ವ. "ಕೂತ್ಕೋ ಬಾ. ಬೆಳಿಗ್ಗೆಯಿಂದ ಏನೂ ತಿಂದಿರಲ್ಲ ನೀನು."

ಅವನು ಬಂದು ಅತ್ತೆಯ ಮುಂದೆ ನೆಲದ ಮೇಲೆ ಕೂತ, ಬಟ್ಟೆ ಸುತ್ತಿದ ಎರಡೂ ಕೈಗಳನ್ನು ಮೊಣಕಾಲ ಮೇಲೆ ಅಂಗಾತ ಇಟ್ಟುಕೊಂಡು. ಅವ್ವ ಗೋಧಿಯನ್ನು ಬೆರಳುಗಳಿಂದ ಒಟ್ಟು ಮಾಡಿ ಒಂದು ತುತ್ತು ಎತ್ತಿದಳು. ಅವನು ಬಾಯಿ ತೆರೆಯಲಿಲ್ಲ.

"ನಮ್ಮ ಮಾತಲ್ಲಿ ಕೂಗಿದೋನಿಗೂ ಇದು ಸೇರುತ್ತಾ ಅತ್ತೆ?"

ಅವ್ವನ ಕೈ ಗಾಳಿಯಲ್ಲೇ ನಿಂತಿತು. ಒಂದು ಕಾಳು ಜಾರಿ ಅವನ ಕೈಯ ಬಟ್ಟೆಯ ಮೇಲೆ ಬಿತ್ತು.

"ಸೇರುತ್ತೆ," ಎಂದಳು. "ಬಾಯಿ ತೆಗಿ."

ಅವನು ಬಾಯಿ ತೆರೆದ. ಅವ್ವ ಅವನಿಗೆ ತುತ್ತಿಟ್ಟಳು. ಅವನು ಬಹಳ ಹೊತ್ತು ಅಗಿದ; ಅವನು ನುಂಗುವ ತನಕ ಇಬ್ಬರು ಹೆಂಗಸರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಆಮೇಲೆ ಅವ್ವ ಎರಡನೆಯ ತುತ್ತಿಗೆ ಬೋಗುಣಿಗೆ ಕೈ ಹಾಕಿದಳು.